ಟೈಲ್ಸ್ ನೆಲದ ಮೇಲೆ ಟೂ-ಪೋಸ್ಟ್ ಲಿಫ್ಟ್ ಕೂರಿಸುವ ಮೊದಲು ಇದನ್ನು ಓದಿ

ಉಡುಪಿ ಹೊರವಲಯದ ಮನೆಯೊಂದರ ಶೆಡ್ಡಿನಲ್ಲಿ ಇನ್ನೋವಾ ಎತ್ತುತ್ತಿದ್ದಾಗ ಟೂ-ಪೋಸ್ಟ್ ಲಿಫ್ಟಿನ, ಅಂದರೆ ಎರಡು ಕಂಬಗಳ ತೋಳುಗಳ ಮೇಲೆ ಕಾರು ಎತ್ತುವ ಯಂತ್ರದ, ಒಂದು ಕಂಬ ಒಳಕ್ಕೆ ವಾಲಿತು. ಗಾಡಿ ಇನ್ನೂ ಮೊಣಕಾಲೆತ್ತರದಲ್ಲಿತ್ತು, ಅಡಿಯಲ್ಲಿ ಯಾರೂ ಇರಲಿಲ್ಲ. ಅದರಿಂದಷ್ಟೇ ಜೀವ ಉಳಿಯಿತು. ಲಿಫ್ಟ್ 4 ಟನ್ನಿನದು, ಗಾಡಿ 2 ಟನ್ನಿಗೂ ಕಡಿಮೆ. ಯಂತ್ರ ಸರಿಯಾಗಿಯೇ ಇತ್ತು, ಕೈಕೊಟ್ಟದ್ದು ನೆಲ.

ಅಗೆದು ನೋಡಿದಾಗ ಟೈಲ್ಸ್ ಅಡಿ ಒಂದು ಇಂಚು ಗಾರೆ, ಎರಡೂವರೆ ಇಂಚು ಕಾಂಕ್ರೀಟ್, ಅದರ ಕೆಳಗೆ ಸರಿಯಾಗಿ ದಮ್ಮಸು ಮಾಡದ ಮುರಮಣ್ಣು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಪೋರ್ಟಿಕೋಗಳು ಹೀಗೇ ಇವೆ. ಕಾರು ನಿಲ್ಲಿಸಲು ಧಾರಾಳ ಸಾಕು. ಆದರೆ ಮಳೆಗಾಲದಲ್ಲಿ ತುಂಬಿದ ಮಣ್ಣು ಕುಸಿದು ಕಾಂಕ್ರೀಟಿನ ಅಡಿ ಟೊಳ್ಳಾಗುತ್ತದೆ, ಮೇಲಿನಿಂದ ಏನೂ ಗೊತ್ತಾಗುವುದಿಲ್ಲ. ಅಲ್ಲಿ ಕಂಬವನ್ನು ನೆಲಕ್ಕೆ ಹಿಡಿದಿಡುವ ಆಂಕರ್ ಬೋಲ್ಟಿನ ತುದಿ ಮಣ್ಣು ಮುಟ್ಟಿತ್ತು. ಅರಳಿ ಕಚ್ಚಬೇಕಾದ ಭಾಗ ಕಾಂಕ್ರೀಟಿನ ಕೆಳಅಂಚಿನಲ್ಲಿತ್ತು.

ಕಂಬಕ್ಕೆ ಬೀಳುವುದು ಬರೀ ಕೆಳಮುಖ ಭಾರವಲ್ಲ. 1,800 ಕಿಲೋ ಗಾಡಿಯಲ್ಲಿ ಒಂದು ಕಂಬದ ಪಾಲು 900 ಕಿಲೋ. ಆ ಭಾರ ಕಂಬದಿಂದ ಮುಕ್ಕಾಲು ಮೀಟರ್ ಒಳಗೆ, ತೋಳಿನ ತುದಿಯಲ್ಲಿ ಕೂರುತ್ತದೆ. ಕಂಬದ ಬುಡದ ಬೇಸ್ ಪ್ಲೇಟಿನಲ್ಲಿ ಬೋಲ್ಟ್ ಸಾಲುಗಳ ನಡುವೆ ಇರುವುದು ಸುಮಾರು 30 ಸೆಂಟಿಮೀಟರ್. ಲೆಕ್ಕ ಹಾಕಿದರೆ ಹೊರಬದಿಯ ಬೋಲ್ಟುಗಳನ್ನು ಮೇಲಕ್ಕೆ ಕೀಳುವ ಎಳೆತ ಹೆಚ್ಚುಕಡಿಮೆ ಎರಡು ಟನ್!

ಆದ್ದರಿಂದ ಮುಂಗಡ ಕೊಡುವ ಮೊದಲೇ ನೆಲ ಪರೀಕ್ಷಿಸಿ. ಎರಡೂ ಕಂಬದ ಜಾಗದಲ್ಲಿ 12 ಎಂಎಂ ಬಿಟ್ಟಿನಿಂದ ಆರಪಾರ ತೂತು ಕೊರೆದು, ತುದಿ ಬಾಗಿಸಿದ ತಂತಿ ಇಳಿಸಿ ಕಾಂಕ್ರೀಟಿನ ಅಡಿಗೆ ಸಿಕ್ಕಿಸಿ ದಪ್ಪ ಅಳೆಯಿರಿ. ಟೈಲ್ಸ್, ಗಾರೆ ಲೆಕ್ಕಕ್ಕಿಲ್ಲ. ಲಿಫ್ಟಿನ ಕೈಪಿಡಿ ಕೇಳಿದಷ್ಟು ದಪ್ಪವಿಲ್ಲದಿದ್ದರೆ ಉದ್ದದ ಬೋಲ್ಟ್, ಕೆಮಿಕಲ್ ಆಂಕರ್ (ಅಂಟು ಹಾಕಿ ಕೂರಿಸುವ ಬೋಲ್ಟ್) ಎಂದು ಯಾರು ಹೇಳಿದರೂ ಒಪ್ಪಬೇಡಿ. ತೆಳು ಕಾಂಕ್ರೀಟ್ ತೆಳುವೇ.

ಹಳೆಯ ನೆಲ ಕತ್ತರಿಸಿ ಎರಡೂ ಕಂಬಕ್ಕೆ ಸೇರಿ ಒಂದೇ ಹಾಸು ಹಾಕುವುದು ಉತ್ತಮ: 14 ಅಡಿ ಉದ್ದ, 5 ಅಡಿ ಅಗಲ, 1 ಅಡಿ ದಪ್ಪ. ಎಂ25 ಕಾಂಕ್ರೀಟ್, ಅಂದರೆ ಸಿಮೆಂಟ್, ಮರಳು, ಜಲ್ಲಿಯ 1:1:2 ಮಿಶ್ರಣದಲ್ಲಿ ಸುಮಾರು 22 ಚೀಲ ಸಿಮೆಂಟ್. ಮೇಲೊಂದು ಕೆಳಗೊಂದು 12 ಎಂಎಂ ಕಬ್ಬಿಣದ ಜಾಲರಿ, 6 ಇಂಚಿಗೊಂದು ಸರಳು. ಕಾಂಕ್ರೀಟ್ ಸುರಿಯುವ ಮುನ್ನ ಟೇಪ್ ಇಟ್ಟು ಜಾಲರಿಯ ಫೋಟೊ ತೆಗೆದಿಡಿ. ಆಮೇಲೆ ಡ್ರಿಲ್ ಸರಳಿಗೆ ಬಡಿಯುವುದು ತಪ್ಪುತ್ತದೆ. 28 ದಿನ ಕಳೆಯದೆ ಕೊರೆಯಬೇಡಿ, ಫಿಟ್ಟರ್ ಎಷ್ಟೇ ಅವಸರ ಮಾಡಲಿ.

ತೂತಿನ ಧೂಳನ್ನು ಬ್ರಷ್ ಹಾಕಿ, ಗಾಳಿ ಊದಿ ಪೂರ್ತಿ ತೆಗೆಯಬೇಕು. ಧೂಳು ಉಳಿದರೆ ಬೋಲ್ಟ್ ಕಚ್ಚುವುದಿಲ್ಲ. ನಟ್ಟನ್ನು ಟಾರ್ಕ್, ಅಂದರೆ ತಿರುಚುವ ಬಲ, ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಕೈಯಲ್ಲಿ ಬಿಗಿದ ಮೇಲೆ ಮೂರರಿಂದ ಐದು ಸುತ್ತಿನೊಳಗೆ ಟಾರ್ಕ್ ಬರಬೇಕು. ಸುತ್ತುತ್ತಲೇ ಇದ್ದರೆ ಆ ಆಂಕರ್ ಜಾರುತ್ತಿದೆ, ಅದರ ಮೇಲೆ ಗಾಡಿ ಏರಿಸಲೇಬಾರದು.

ಎತ್ತರವನ್ನೂ ನೋಡಿ: 10 ಅಡಿ ಸೂರಿನಡಿ ಇನ್ನೋವಾವನ್ನು ನಿಂತು ಕೆಲಸ ಮಾಡುವಷ್ಟು ಎತ್ತಲಾಗದು. ನೆಲ ಅಗೆಯಲಾಗದ ಮನೆಗೆ ಫೋರ್-ಪೋಸ್ಟ್ ವಾಸಿ. ನಾಲ್ಕು ಕಾಲಿಗೆ ಭಾರ ಹಂಚುತ್ತದೆ, ಬೋಲ್ಟ್ ಕೀಳುವ ಎಳೆತ ತೀರಾ ಕಡಿಮೆ. ಅದಕ್ಕೂ ನೆಲದ ದಪ್ಪ ಅಳೆಯಲೇಬೇಕು. ಕಡಲ ಗಾಳಿ ತಾಗುವಲ್ಲಿ ಸಾದಾ ಜಿಂಕ್ ಲೇಪದ ಆಂಕರ್ ಬೇಗ ತುಕ್ಕು ಹಿಡಿಯುತ್ತದೆ. ಹಾಟ್-ಡಿಪ್ ಗ್ಯಾಲ್ವನೈಸ್ ಮಾಡಿದ್ದನ್ನೇ (ಕರಗಿದ ಜಿಂಕ್‌ನಲ್ಲಿ ಅದ್ದಿ ತೆಗೆದದ್ದು) ಕೇಳಿ, ಮಳೆಗಾಲ ಮುಗಿದ ಕೂಡಲೇ ಪ್ರತಿ ನಟ್ಟಿನ ಟಾರ್ಕ್ ಮತ್ತೆ ನೋಡಿ.