ಒಂದು 'ಪ್ರೆಶರ್', ಹತ್ತು ಕೊರಿಯನ್ ಪದ: ಮೂರು ವರ್ಷ ಬಳಸಿದ ನಿಘಂಟಿನ ಬಗ್ಗೆ

ಇಂಗ್ಲಿಷ್ ಮಷೀನ್ ಮ್ಯಾನ್ಯುಯಲ್‌ಗಳನ್ನು ಕೊರಿಯನ್‌ಗೆ ತರುವುದು ನನ್ನ ಕೆಲಸ. ದಕ್ಷಿಣ ಕೊರಿಯಾದ ರಾಷ್ಟ್ರೀಯ ಭಾಷಾ ಸಂಸ್ಥೆಯ ಪ್ರಮಾಣಿತ ನಿಘಂಟನ್ನು ಮೂರು ವರ್ಷದಿಂದ ದಿನಾ ಬಳಸುತ್ತಿದ್ದೇನೆ. 1999ರಲ್ಲಿ ಪುಸ್ತಕವಾಗಿ ಬಂದದ್ದು, ಈಗ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಅದಕ್ಕೂ ಮೊದಲು ಒಂದು ಅನುವಾದ ತಂತ್ರಾಂಶವನ್ನೇ ನಂಬಿಕೊಂಡಿದ್ದೆ. ಒಂದು ಪ್ರೆಸ್ ಮಷೀನಿನ ಮ್ಯಾನ್ಯುಯಲ್‌ನಲ್ಲಿ 'ಹೈಡ್ರಾಲಿಕ್ ಪ್ರೆಶರ್' ಬಂದ ಕಡೆಯೆಲ್ಲ ಅದು 'ಸುಆಪ್' ಅಂತ ಹಾಕಿತು, ನಾನೂ ನೋಡದೆ ಕಳಿಸಿಬಿಟ್ಟೆ. ಸುಆಪ್ ಅಂದರೆ ನೀರಿನ ಒತ್ತಡ. ಆ ಕಡೆಯ ಎಂಜಿನಿಯರ್ ಫೋನ್ ಮಾಡಿ, ಇದಕ್ಕೆ ನೀರಿನ ಪೈಪ್ ಎಲ್ಲಿ ಜೋಡಿಸಬೇಕು ಅಂತ ಕೇಳಿದರು. ಅಲ್ಲಿ ಇರಬೇಕಿದ್ದದ್ದು 'ಯುಆಪ್', ಎಣ್ಣೆಯ ಒತ್ತಡ. ನಲವತ್ತು ಪುಟ ಮತ್ತೆ ಕೂತು ತಿದ್ದಿದೆ.

ಈ ನಿಘಂಟಿನಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಎರಡು. ಚೀನೀ ಮೂಲದ ಪದವಾದರೆ ಪಕ್ಕದಲ್ಲೇ ಅದರ ಚೀನೀ ಅಕ್ಷರ ಇರುತ್ತದೆ. ಪಾರಿಭಾಷಿಕ ಪದವಾದರೆ ಭೌತಶಾಸ್ತ್ರವೋ, ವೈದ್ಯಕೀಯವೋ, ಯಂತ್ರವೋ ಅಂತ ಗುರುತು ಇರುತ್ತದೆ. ಸುಮ್ನೆ 'ಪ್ರೆಶರ್' ಅಂದರೆ 'ಆಮ್‌ನ್ಯೊಕ್'. ಆದರೆ ಬಿಪಿಗೆ 'ಹ್ಯೊರಾಪ್', ಗಾಳಿಯ ಒತ್ತಡಕ್ಕೆ ಹವಾಮಾನದಲ್ಲಿ 'ಗಿಆಪ್', ಟೈರಿನಲ್ಲಿ 'ಗೊಂಗ್‌ಗಿಆಪ್'. ಈ ಮೂರರ ಕೊನೆಗೂ ಅದೇ 'ಆಪ್' ಅನ್ನೋ ಅಕ್ಷರ, ನಮ್ಮ ರಕ್ತದೊತ್ತಡದಲ್ಲಿ ಒತ್ತಡ ಕೂತ ಹಾಗೆ. ಅಳೆಯುವ ಉಪಕರಣ ಬೇಕಾದರೆ ಅದಕ್ಕೇ 'ಗ್ಯೆ' ಸೇರಿಸಿದರಾಯಿತು: ಬಿಪಿ ಮಷೀನ್ 'ಹ್ಯೊರಾಪ್‌ಗ್ಯೆ'. ಅಡುಗೆಮನೆಯ ಕುಕ್ಕರ್ ಮಾತ್ರ ಇಡೀ ಪದವನ್ನೇ ಇಟ್ಟುಕೊಂಡಿದೆ, 'ಆಮ್‌ನ್ಯೊಕ್‌ಸೊತ್', ಅಂದರೆ ಒತ್ತಡದ ಪಾತ್ರೆ.

ಆದರೆ ಇಂಗ್ಲಿಷಿನಲ್ಲಿ ಪ್ರೆಶರ್ ಅನ್ನೋ ಮಾತೇ ಇಲ್ಲದ ಕಡೆಯೂ ಈ ಅಕ್ಷರ ಬರುತ್ತದೆ, ಎಚ್ಚರ ತಪ್ಪೋದು ಅಲ್ಲೇ. ವೋಲ್ಟೇಜ್‌ಗೆ ಕೊರಿಯನ್ನರು ಹೇಳೋದು 'ಜೊನಾಪ್', ಅಂದರೆ ವಿದ್ಯುತ್ತಿನ ಒತ್ತಡ. ಹಾಗಾಗಿ 'ಗೊಆಪ್' ಅಂತ ಬರೆದರೆ ಹೈ ಪ್ರೆಶರ್ ಕೂಡ ಆಗಬಹುದು, ಹೈ ವೋಲ್ಟೇಜ್ ಕೂಡ ಆಗಬಹುದು. ಗ್ಯಾಸ್ ಸಿಲಿಂಡರ್ ಮೇಲಿದ್ದರೆ ಒಂದರ್ಥ, ವಿದ್ಯುತ್ ತಂತಿಯ ಪಕ್ಕ ಇದ್ದರೆ ಇನ್ನೊಂದು. ಮ್ಯಾನ್ಯುಯಲ್‌ನ ಎಚ್ಚರಿಕೆ ಪಟ್ಟಿಯಲ್ಲಿ ಇದನ್ನು ಬಿಡಿಯಾಗಿ ಬರೆಯೋದು ಅಪಾಯ, ಅಲ್ವಾ? ನಾನಂತೂ ಪಕ್ಕದಲ್ಲಿ ಗ್ಯಾಸ್ ಅಂತಲೋ ತಂತಿ ಅಂತಲೋ ಸೇರಿಸದೆ ಬಿಡುವುದಿಲ್ಲ.

ಈ ನಿಘಂಟಿನ ವಿವರಣೆಯೆಲ್ಲ ಕೊರಿಯನ್‌ನಲ್ಲೇ ಇರೋದರಿಂದ ಹೊಸದಾಗಿ ಕಲಿಯುವವರಿಗೆ ಕಷ್ಟ. ಅಂಥವರು ಮೊದಲು ನೇವರ್ ಅನ್ನೋ ಕೊರಿಯಾದ ಜಾಲತಾಣದ ಇಂಗ್ಲಿಷ್-ಕೊರಿಯನ್ ನಿಘಂಟಿನಲ್ಲಿ ಪದ ಹುಡುಕಿ, ಸಿಕ್ಕಿದ್ದನ್ನು ಇಲ್ಲಿ ತಂದು ಚೀನೀ ಅಕ್ಷರವನ್ನೂ ಕ್ಷೇತ್ರದ ಗುರುತನ್ನೂ ನೋಡಿಕೊಳ್ಳಿ. ಪದಕ್ಕೆ ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ.