ಹಗ್ಗವೋ, ಮಣ್ಣಿನ ಹಲಗೆಯೋ, ಕತೆಯೋ? ಪೈಥಾಗೊರಸ್ ಪಾಠ ನಾಲ್ಕು ಥರ ಮಾಡಿ ನೋಡಿದೆ

ದಾವಣಗೆರೆ ಊರಾಚೆ ಒಂದು ಸರ್ಕಾರಿ ಶಾಲೆಯಲ್ಲಿ ಏಳು, ಎಂಟನೇ ತರಗತಿಗೆ ಗಣಿತ ಹೇಳುತ್ತೇನೆ. ಲಂಬಕೋನ ತ್ರಿಭುಜದ ಪಾಠದಲ್ಲಿ ಪೈಥಾಗೊರಸ್ ಸೂತ್ರ (ಚಿಕ್ಕ ಎರಡು ಬದಿಗಳ ವರ್ಗ ಕೂಡಿಸಿದರೆ ಎಲ್ಲಕ್ಕಿಂತ ಉದ್ದದ ಬದಿಯಾದ ಕರ್ಣದ ವರ್ಗ ಬರುತ್ತದೆ ಅನ್ನುವುದು) ಕಲಿಸುವುದು ಒಂದು ದಿನದ ಕೆಲಸ. ಆಮೇಲೆ ಒಬ್ಬರಾದರೂ ಕೈ ಎತ್ತುತ್ತಾರೆ: "ಸರ್, ಇದನ್ನ ಮೊದ್ಲು ಯಾರು ಕಂಡುಹಿಡಿದ್ರು?" ಅಲ್ಲಿಂದ ಶುರು ನನ್ನ ಕಷ್ಟ. ಈ ಪ್ರಶ್ನೆಗೆ ನಾಲ್ಕು ವರ್ಷ ನಾಲ್ಕು ಥರ ಉತ್ತರ ಕೊಟ್ಟು ನೋಡಿದ್ದೇನೆ.

ಮೊದಲ ವರ್ಷ ಬರೀ ಕತೆ. ಪೈಥಾಗೊರಸ್ ಗ್ರೀಕರ ಸಾಮೋಸ್ ದ್ವೀಪದಲ್ಲಿ ಹುಟ್ಟಿದ, ಇಟಲಿಯ ಕ್ರೋಟನ್‌ಗೆ ಹೋಗಿ ಶಿಷ್ಯರನ್ನು ಕಟ್ಟಿಕೊಂಡ, ಅವರಿಗೆ ಕಾಳು ತಿನ್ನಬೇಡಿ ಅಂತ ಕಟ್ಟಪ್ಪಣೆ ಮಾಡಿದ್ದ ಅಂತೆಲ್ಲ ಹೇಳಿದೆ. ತಯಾರಿ ಏನೂ ಬೇಡ, ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಕಿರುಪರೀಕ್ಷೆಯಲ್ಲಿ 'ಪೈಥಾಗೊರಸ್ ಬಗ್ಗೆ ಎರಡು ವಾಕ್ಯ ಬರೆಯಿರಿ' ಅಂತ ಕೇಳಿದರೆ ಅರ್ಧ ತರಗತಿ ಅವರೆಕಾಳಿನ ಬಗ್ಗೆ ಬರೆದಿತ್ತು! ತಪ್ಪು ನನ್ನದೇ. ಆತ ಕ್ರಿ.ಪೂ. 6ನೇ ಶತಮಾನದವನು. ಅವನ ಕೈಬರಹ ಒಂದು ಸಾಲೂ ಉಳಿದಿಲ್ಲ. ಕತೆಗಳಲ್ಲಿ ಹೆಚ್ಚಿನವು ಅವನು ಸತ್ತು ಎಷ್ಟೋ ಕಾಲವಾದ ಮೇಲೆ ಬರೆದವು. ಅದನ್ನೇ ಇತಿಹಾಸ ಅಂತ ಹೇಳಿಬಿಟ್ಟಿದ್ದೆ.

ಎರಡನೇ ವರ್ಷ ಟಿವಿಯಲ್ಲಿ ವಿಡಿಯೋ ಹಾಕಿದೆ. ಚೆನ್ನಾಗಿತ್ತು, ಕರೆಂಟ್ ಹೋಯಿತು, ಬಂದಮೇಲೆ ಯಾರಿಗೂ ಆಸಕ್ತಿ ಇರಲಿಲ್ಲ. ಪುನರಾವರ್ತನೆಗೆ ಓಕೆ, ಅಷ್ಟೆ.

ಮೂರನೇ ವರ್ಷ ಹಗ್ಗ. ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು.

ಬೌಧಾಯನ ಶುಲ್ಬಸೂತ್ರ ಯಜ್ಞವೇದಿ ಕಟ್ಟುವವರಿಗಾಗಿ ಬಂದದ್ದು. ಕಾಲ ಅಂದಾಜು ಕ್ರಿ.ಪೂ. 800ರ ಸುಮಾರು ಅನ್ನುತ್ತಾರೆ, ಅದಕ್ಕಿಂತ ಈಚೆಗೆ ಎಳೆಯುವವರೂ ಇದ್ದಾರೆ. ಶುಲ್ಬ ಅಂದರೆ ಹಗ್ಗ. ಅದು ಈ ಲೆಕ್ಕವನ್ನು ಹೇಳುವುದು ಲಂಬಕೋನ ತ್ರಿಭುಜಕ್ಕಲ್ಲ, ಆಯತಕ್ಕೆ. ಉದ್ದದ ಬದಿ, ಅಡ್ಡ ಬದಿ ಬೇರೆಬೇರೆಯಾಗಿ ಏನು ಮಾಡುತ್ತವೋ ಆ ಎರಡನ್ನೂ ಕರ್ಣದ ಹಗ್ಗ ಒಂದೇ ಮಾಡುತ್ತದೆ ಅನ್ನುತ್ತದೆ ಸೂತ್ರ. 'ಮಾಡುತ್ತದೆ' ಅಂದರೆ ಅದರ ಮೇಲೆ ಕಟ್ಟುವ ಚೌಕದ ವಿಸ್ತೀರ್ಣ. ಆಮೇಲೆ ಬದಿಗಳ ಜೋಡಿಗಳ ಪಟ್ಟಿಯೇ ಇದೆ: 3 ಮತ್ತು 4, 12 ಮತ್ತು 5, 15 ಮತ್ತು 8, 7 ಮತ್ತು 24, 12 ಮತ್ತು 35, 15 ಮತ್ತು 36. ನಾನು ಈ ಜೋಡಿಗಳನ್ನು ಮಾತ್ರ ಕೊಟ್ಟೆ. ಮೈದಾನದಲ್ಲಿ ಆಯತ ಹಾಕಿ, ಕರ್ಣ ಎಷ್ಟು ಬರುತ್ತೆ ಹೇಳಿ ಅಂದೆ.

ಮೊದಲ ದಿನ ಕೆಟ್ಟಿತು. ಮಂಡಿಪೇಟೆಯಿಂದ ನಾರಿನ ಹಗ್ಗ ತಂದಿದ್ದೆ. 3, 4, 5 ಕೂಡಿಸಿದರೆ ಹನ್ನೆರಡಲ್ಲವೇ, ಅದಕ್ಕೆ ಸಮ ದೂರಕ್ಕೆ ಹನ್ನೆರಡು ಗಂಟು ಹಾಕಿಸಿದೆ. ಗಂಟೇ ಅಷ್ಟಷ್ಟು ಹಗ್ಗ ನುಂಗಿತು. ಮೇಲಿಂದ ಹುಡುಗರು ಹಗ್ಗಜಗ್ಗಾಟದ ಥರ ಎಳೆದರು, ಹಗ್ಗ ಹಿಗ್ಗಿತು. ಮೂಲೆಗೆ ಮರದ ಮೂಲೆಮಟ್ಟ ಇಟ್ಟರೆ ಒಂದು ಬೆರಳು ತೂರುವಷ್ಟು ಸಂದು. "ಪೈಥಾಗೊರಸ್ ಸುಳ್ಳಾ ಸರ್?" ಅಂದಳು ಒಬ್ಬಳು. ಮರುದಿನ ಹಿಗ್ಗದ ಹುರಿ ತಂದು, ಗಂಟಿನ ಬದಲು ಕೆಂಪು ದಾರ ಸುತ್ತಿಸಿದೆ. ಸರಿಹೋಯಿತು.

ಆಗಲೇ ಹಿಂದಿನ ಬೆಂಚಿನ ಹುಡುಗ ಹೇಳಿದ: "ಸರ್, ನಮ್ಮಪ್ಪ ಪಾಯಕ್ಕೆ ಲೈನ್ ಹಾಕೋವಾಗ ಹಿಂಗೇ ಮಾಡ್ತಾನೆ. ಮೂರು, ನಾಕು, ಐದು." ಅವರಪ್ಪ ಗಾರೆ ಮೇಸ್ತ್ರಿ. ಶನಿವಾರ ಬಂದರು. ಮೂಲೆಯಲ್ಲಿ ಮೊಳೆ ಹೊಡೆದು, ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ, ಎರಡರ ನಡುವೆ ಟೇಪ್ ಹಿಡಿದು, 5 ಬರುವವರೆಗೆ ದಾರ ಸರಿಸಿದರು. ಅರ್ಧ ನಿಮಿಷ ಕೂಡ ಆಗಲಿಲ್ಲ. ಪೈಥಾಗೊರಸ್ ಹೆಸರು ಕೇಳಿದ್ದೀರಾ ಅಂದರೆ, "ಇಲ್ಲ ಸರ್, ನಮ್ಗೆ ನಮ್ಮ ಮಾವ ಹೇಳಿಕೊಟ್ಟಿದ್ದು" ಅಂದರು. ಮಕ್ಕಳಿಗೆ ಇತಿಹಾಸ ಅಂದರೇನು ಅಂತ ನಾನು ವರ್ಷಗಟ್ಟಲೆ ಹೇಳಿದ್ದಕ್ಕಿಂತ ಆ ಒಂದು ಮಾತು ಜಾಸ್ತಿ ಹೇಳಿತು.

ಇಲ್ಲೊಂದು ಎಚ್ಚರಿಕೆ. ಈಜಿಪ್ಟಿನವರು ಹನ್ನೆರಡು ಗಂಟಿನ ಹಗ್ಗದಿಂದ ಪಿರಮಿಡ್ಡಿನ ಮೂಲೆ ಹಿಡಿದರು ಅಂತ ಎಲ್ಲ ಕಡೆ ಓದುತ್ತೇವೆ. ಅವರು ಹಗ್ಗ ಎಳೆದು ಜಮೀನು ಅಳೆಯುತ್ತಿದ್ದದ್ದು ನಿಜ. 3-4-5ರ ಗಂಟಿನ ಹಗ್ಗಕ್ಕೆ ಗಟ್ಟಿ ಪುರಾವೆ ಇಲ್ಲ. ನಾನೂ ಹೇಳುತ್ತಿದ್ದೆ, ಈಗ ಬಿಟ್ಟಿದ್ದೇನೆ. ಹಾಗೆಯೇ, "ಗ್ರೀಕರು ನಮ್ಮಿಂದ ಕದ್ದರು" ಅಂತ ವಾಟ್ಸಾಪಿನಲ್ಲಿ ಓದಿಕೊಂಡು ಬರುವ ಮಕ್ಕಳೂ ಇದ್ದಾರೆ. ಕದ್ದದ್ದಕ್ಕೂ ಪುರಾವೆ ಇಲ್ಲ ಅಂತ ಅಲ್ಲೇ ಹೇಳಿಬಿಡುವುದು ಒಳ್ಳೆಯದು.

ಹಗ್ಗದ ಕೊರತೆ ಏನೆಂದರೆ, ಮಕ್ಕಳು "ಅಳೆದು ನೋಡಿದ್ವಲ್ಲ, ಮತ್ಯಾಕೆ ಸಾಧನೆ?" ಅನ್ನುತ್ತಾರೆ. ಸಾಧನೆ ಅಂದರೆ ಇದು ಎಲ್ಲ ಅಳತೆಗೂ ಯಾಕೆ ನಿಜ ಅಂತ ತೋರಿಸುವುದು. ಅದಕ್ಕೆ ಮದುವೆ ಕಾರ್ಡಿನ ರಟ್ಟು. ಬದಿ 3, 4, 5 ಇರುವ ನಾಲ್ಕು ತ್ರಿಭುಜ, ಬದಿ 1 ಇರುವ ಒಂದು ಪುಟ್ಟ ಚೌಕ. ಕೂಡಿಸಿದರೆ ಬದಿ 5ರ ಚೌಕ: ಆರಾರಂತೆ ನಾಲ್ಕು ಸಲ 24, ಮಧ್ಯದ 1, ಒಟ್ಟು 25. ಅವೇ ತುಂಡುಗಳನ್ನು ಬೇರೆ ಥರ ಜೋಡಿಸಿದರೆ 9 ಮತ್ತು 16ರ ಚೌಕಗಳು ಅಕ್ಕಪಕ್ಕ ಕೂರುತ್ತವೆ. ಬೇರೆ ಅಳತೆಗೂ ಇದೇ ಆಟ ನಡೆಯುತ್ತದೆ ಅಂತ ಕಂಡಾಗಲೇ ಸಾಧನೆ ಯಾಕೆ ಅಂತ ತಲೆಗೆ ಹೋಗುವುದು. 12ನೇ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಈ ದಾರಿ ಇದೆ. ಇದೇ ಚಿತ್ರವನ್ನು 3ನೇ ಶತಮಾನದಲ್ಲಿ ಚೀನಾದ ಝಾವ್ ಶುವಾಂಗ್ ಬರೆದಿದ್ದ.

ನಾಲ್ಕನೇ ವರ್ಷ ಮಣ್ಣಿನ ಹಲಗೆ. ಬ್ಯಾಬಿಲೋನಿಯಾದ 'ಪ್ಲಿಂಪ್ಟನ್ 322' ಸುಮಾರು ಕ್ರಿ.ಪೂ. 1800ರದ್ದು, ಈಗ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದೆ. ಸುಮಾರು 13 ಸೆಂಟಿಮೀಟರ್ ಅಗಲ, 9 ಎತ್ತರ. ಹದಿನೈದು ಸಾಲು ಲೆಕ್ಕ. ಭದ್ರಾ ನಾಲೆ ಪಕ್ಕದ ಎರೆಮಣ್ಣಲ್ಲಿ ಮಕ್ಕಳ ಕೈಲಿ ಮಾಡಿಸಿದೆ. ಒಣಗಿ ಬಿರುಕು ಬಿಟ್ಟಿತು, ಒಂದೊಂದರ ಅಂಚೇ ಹೋಯಿತು. ಅಸಲಿ ಹಲಗೆಯ ಎಡ ಅಂಚೂ ಮುರಿದಿದೆ ಅಂದಾಗ ಸಮಾಧಾನ ಆಯಿತು.

ಅವರದು 60ರ ಲೆಕ್ಕ. ಗಂಟೆ, ನಿಮಿಷ ಗೊತ್ತಿರುವ ಮಕ್ಕಳಿಗೆ ಇದು ಕಷ್ಟವೇ ಅಲ್ಲ. ಮೊದಲ ಸಾಲಲ್ಲಿ ಒಂದು ಬದಿಗೆ 1,59, ಕರ್ಣಕ್ಕೆ 2,49 ಇದೆ. ಒಂದು ನಿಮಿಷ 59 ಸೆಕೆಂಡ್ ಅಂದರೆ 119, ಎರಡು ನಿಮಿಷ 49 ಸೆಕೆಂಡ್ ಅಂದರೆ 169. ವರ್ಗ ಮಾಡಿ ಕಳೆದರೆ 14400, ಅದು 120ರ ವರ್ಗ. ಇಲ್ಲಿಯವರೆಗೆ ಸುಮ್ನೆ ಲೆಕ್ಕ. ಮಜಾ ಇರುವುದು ಒಂಬತ್ತನೇ ಸಾಲಲ್ಲಿ. ಅಲ್ಲಿ 9,1 ಮತ್ತು 12,49 ಇದೆ, ಅಂದರೆ 541 ಮತ್ತು 769. ಎಷ್ಟು ಗುದ್ದಾಡಿದರೂ ವರ್ಗ ಬರುವುದಿಲ್ಲ. ಬರೆದವನು 8,1 ಬರೆಯುವ ಕಡೆ 9,1 ಬರೆದಿದ್ದಾನೆ! 481 ಇಟ್ಟರೆ 600 ಸಿಗುತ್ತದೆ. ಹತ್ತು ನಿಮಿಷ ಕೂತು ಇದನ್ನು ಹಿಡಿದ ಹುಡುಗಿಯರ ಗುಂಪು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಆದರೆ ಹಲಗೆಗೆ ಮೂರು ಪೀರಿಯಡ್ ಬೇಕು, ಮೂರಂಕಿಯ ವರ್ಗ ಮಾಡಲು ಬರಬೇಕು. ಏಳನೇ ತರಗತಿಯಲ್ಲಿ ಅರ್ಧ ಜನ ಮೊದಲ ಸಾಲಿಗೇ ಸುಸ್ತಾದರು. ಎಂಟಕ್ಕೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಒಂದೇ ಪೀರಿಯಡ್ ಇದ್ದರೆ, ಏಳಾಗಲಿ ಎಂಟಾಗಲಿ, ನಾನು ಹಗ್ಗವನ್ನೇ ಹಿಡಿಯುತ್ತೇನೆ. ಕತೆಗೆ ಕೊನೆಯ ಹತ್ತು ನಿಮಿಷ ಸಾಕು. ಆಗ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಹೆಸರೂ ಬರಲಿ. ಕ್ರಿ.ಪೂ. 300ರ ಹೊತ್ತಿಗೆ ಇದಕ್ಕೆ ಪೂರ್ತಿ ಸಾಧನೆ ಬರೆದಿಟ್ಟವನು ಅವನು.

ಈ ಸಲ ಮಣ್ಣನ್ನು ಕುಂಬಾರರ ಹತ್ತಿರ ಹೇಳಿಟ್ಟಿದ್ದೇನೆ. ಮಳೆ ಬಂದರೆ ಹಗ್ಗದ ಪಾಠ ವರಾಂಡದಲ್ಲಿ. 12 ಮತ್ತು 5ಕ್ಕೆ ಅಲ್ಲಿ ಜಾಗ ಸಾಲುವುದಿಲ್ಲ, 3 ಮತ್ತು 4ಕ್ಕೆ ಸಾಲುತ್ತದೆ.