ಗ್ಯಾಲರಿಯ ಭಾನುವಾರದ ಕಾರ್ಯಾಗಾರ: ಕಲಿಕೆ ಚೆನ್ನ, ಕುರ್ಚಿ ಇಲ್ಲ

‘ಎಲ್ಲ ವಯಸ್ಸಿನವರಿಗೂ’ ಎಂದು ಪೋಸ್ಟರ್ ಹಾಕಿದ ಮೇಲೆ ಬೆನ್ನಿಗೆ ಆಸರೆಯಿರುವ ನಾಲ್ಕು ಕುರ್ಚಿಯನ್ನಾದರೂ ಇಡಬೇಕಲ್ಲವೇ? ದಕ್ಷಿಣ ಬೆಂಗಳೂರಿನ ಈ ಸಣ್ಣ ಗ್ಯಾಲರಿಗೆ ನಾನು, ಮಗಳು, ನಮ್ಮತ್ತೆ ಮೂವರೂ ಕಳೆದ ವರ್ಷದ ಮಳೆಗಾಲದಿಂದ ಹೋಗುತ್ತಿದ್ದೇವೆ. ಅಲ್ಲಿರುವುದು ಮೊಣಕಾಲೆತ್ತರದ ಸ್ಟೂಲು, ಇಲ್ಲವೇ ನೆಲಕ್ಕೆ ಹಾಸಿದ ಚಾಪೆ. ಮಕ್ಕಳಿಗೇನೋ ಹೇಳಿ ಮಾಡಿಸಿದ ಹಾಗಿದೆ. ಎಪ್ಪತ್ತರ ಹತ್ತಿರವಿರುವ ಅತ್ತೆ ಅರ್ಧ ಗಂಟೆಗೇ ಸೊಂಟ ಹಿಡಿದುಕೊಂಡು ಎದ್ದು ಕಿಟಕಿಗೆ ಒರಗಿ ನಿಲ್ಲುತ್ತಾರೆ. ಹೇಳಿದಾಗಲೆಲ್ಲ ‘ಮುಂದಿನ ಸಲ ವ್ಯವಸ್ಥೆ ಮಾಡ್ತೀವಿ ಮೇಡಂ’ ಎಂಬ ಉತ್ತರ. ಮುಂದಿನ ಸಲವೂ ಅದೇ ಸ್ಟೂಲು. ಇದು ನನಗೆ ನಿಜವಾಗಿಯೂ ಬೇಸರ ತಂದಿದೆ. ಹಿರಿಯರಿಂದಲೂ ಪೂರ್ತಿ ಶುಲ್ಕ ತೆಗೆದುಕೊಳ್ಳುವವರು ಅವರು ಕೂರುವುದು ಎಲ್ಲಿ ಎಂದು ಯೋಚಿಸಬೇಡವೇ?

ಇಷ್ಟಾದರೂ ಬಿಡದೆ ಹೋಗುತ್ತಿರುವುದಕ್ಕೆ ಮೊದಲ ಕಾರಣ ಲಿನೋ ಅಚ್ಚು, ಅಂದರೆ ಲಿನೋಲಿಯಂ ಹಾಳೆಯ ಮೇಲೆ ಚಿತ್ರ ಕೆತ್ತಿ, ಮಸಿ ಹಚ್ಚಿ ಕಾಗದಕ್ಕೆ ಅಚ್ಚೊತ್ತುವುದು. ಚಳಿಗಾಲದಲ್ಲಿ ಲಿನೋ ಹಾಳೆ ಬಿರುಸಾಗುತ್ತದೆ, ಉಳಿ ಜಾರುತ್ತದೆ. ಹಾಗಾಗಿ ಹೋದ ತಕ್ಷಣ ನಮ್ಮ ನಮ್ಮ ತುಂಡುಗಳನ್ನು ಕಿಟಕಿಯ ಬಿಸಿಲಿಗೆ ಇಟ್ಟು ಕಾಫಿ ಕುಡಿಯುತ್ತೇವೆ. ಬೆಚ್ಚಗಾದ ಮೇಲೆ ಉಳಿ ಸಲೀಸಾಗಿ ಓಡುತ್ತದೆ. ಅಕ್ಷರ ಇದ್ದರೆ ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಕೆತ್ತಬೇಕು. ಒತ್ತಕ್ಷರದ ಹತ್ತಿರ ಬಂದಾಗ ಮಗಳು ಉಸಿರು ಬಿಗಿಹಿಡಿಯುತ್ತಾಳೆ. ಇನ್ನು ಗಾಜಿನ ಮೇಲೆ ಮಸಿ ಹರಡುವ ಕೆಲಸ. ಮಸಿ ಹೆಚ್ಚಾಗಿದ್ದರೆ ರೋಲರ್ ಪಚಪಚ ಎನ್ನುತ್ತದೆ. ಹದಕ್ಕೆ ಬಂದಾಗ ಅದೇ ರೋಲರ್ ಸಣ್ಣಗೆ ಚರಚರ ಎನ್ನುತ್ತದೆ. ಅಲ್ಲಿ ಅಚ್ಚಿನ ಯಂತ್ರವಿಲ್ಲ. ಕಾಗದ ಹಾಸಿ ಸ್ಟೀಲ್ ಚಮಚದ ಬೆನ್ನಿನಿಂದ ತೋಳು ನೋಯುವ ತನಕ ಉಜ್ಜುತ್ತೇವೆ. ಒಂದು ಮೂಲೆಯನ್ನಷ್ಟೇ ಎತ್ತಿ ನೋಡಿ, ಮಾಸಲಾಗಿದ್ದರೆ ಹಾಗೇ ಇಳಿಸಿ ಮತ್ತೆ ಉಜ್ಜುವುದು. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೆ ಈ ಉಜ್ಜುವಿಕೆಯಷ್ಟು ನೆಮ್ಮದಿ ಬೇರೆಲ್ಲೂ ಸಿಕ್ಕಿಲ್ಲ.

ಪುಟ್ಟ ಮಕ್ಕಳ ಕೈಗೆ ಉಳಿ ಕೊಡುವುದಿಲ್ಲ. ಅದೇ ಮೇಜಿನಲ್ಲಿ ಅವರಿಗೆ ಫೋಮ್ ಹಾಳೆ, ಪೆನ್ಸಿಲ್. ಒತ್ತಿ ಗೀಚಿದರೆ ಸಾಕು, ಅದೂ ಅಚ್ಚಾಗುತ್ತದೆ. ಮಸಿ ಎಲ್ಲರಿಗೂ ಒಂದೇ, ಪಾಳಿಯೂ ಒಂದೇ. ಈ ಏರ್ಪಾಡು ಮಾಡಿದವರ ಬುದ್ಧಿಯನ್ನು ಮೆಚ್ಚಲೇಬೇಕು. ಒಂದೇ ಕಿರಿಕಿರಿ, ಕೆಲವು ಅಪ್ಪ–ಅಮ್ಮಂದಿರು ಮಕ್ಕಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ತಾವೇ ‘ಸರಿ’ ಮಾಡುತ್ತಾರೆ. ದಯವಿಟ್ಟು ಬೇಡ.

ಸಂಕ್ರಾಂತಿ ಕಳೆದ ಮೇಲೆ ಮಲೆನಾಡಿನ ಗೋಡೆ ಚಿತ್ರಕಲೆಯಾದ ಹಸೆ ಚಿತ್ತಾರದ ಕಾರ್ಯಾಗಾರ ಇಟ್ಟಿದ್ದರು. ಕಲಿಸಲು ಬಂದ ಹುಡುಗಿ ಪುಂಡಿ ನಾರಿನ ಕುಂಚ, ಕೆಮ್ಮಣ್ಣು ಬಳಿದ ಹಲಗೆ ಎಲ್ಲ ಜೋಡಿಸಿ, ‘ಕಪ್ಪು ಬಣ್ಣ ಯಾವುದರಿಂದ ಮಾಡ್ತಾರೆ, ಗೊತ್ತಾ?’ ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಹಿಂದಿನಿಂದ ಅತ್ತೆ, ‘ಅಕ್ಕಿ ಹುರೀಬೇಕು ಕಣಮ್ಮ, ಪೂರ್ತಿ ಕರಕಲಾಗೋ ತನಕ’ ಎಂದರು. ಅತ್ತೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯವರು. ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆ ಮೇಲೆ ಬರೆಯುತ್ತಿದ್ದುದನ್ನು ನೋಡಿಕೊಂಡೇ ಬೆಳೆದವರು. ಬಿಳಿಗೆ ಅಕ್ಕಿ ಹಿಟ್ಟು, ಹಳದಿಗೆ ‘ಗುರಿಗೆ’ ಎಂಬ ಬೀಜ ಎಂದು ಒಂದೊಂದೇ ಹೇಳುತ್ತಾ ಹೋದರು. ಆ ಹುಡುಗಿ ತಾನು ಕೂತಿದ್ದ ಕುರ್ಚಿಯನ್ನೇ ಎತ್ತಿ ತಂದು, ‘ಅಮ್ಮಾ, ನೀವು ಇಲ್ಲಿ ಕೂತ್ಕೊಂಡು ಹೇಳಿಕೊಡಿ’ ಎಂದರು. ಪರಿಚಯವೇ ಇಲ್ಲದ ಮಕ್ಕಳು ಅತ್ತೆಯ ಸುತ್ತ ಮುತ್ತಿಕೊಂಡು, ಗೆರೆ ನೆಟ್ಟಗಿದೆಯಾ ಅಜ್ಜಿ ಎಂದು ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ಇಷ್ಟು ವರ್ಷ ಅವರನ್ನು ಕೇಳದ ಪ್ರಶ್ನೆಗಳವು. ಆ ದಿನದಿಂದ ಭಾನುವಾರ ನಮಗಿಂತ ಮೊದಲು ರೆಡಿಯಾಗಿ ಕೂರುವವರು ಅತ್ತೆಯೇ. ಗ್ಯಾಲರಿಯ ಮೇಲಿದ್ದ ನನ್ನ ಸಿಟ್ಟೂ ಅಲ್ಲಿಂದ ಮುಂದೆ ಮೆತ್ತಗಾಯಿತು.

ದುಡ್ಡಿನ ಮಾತು. ತಲೆಗೆ ₹500, ಸಾಮಾನು ಅವರದೇ. ಮೂವರಿಗೆ ₹1,500 ಆಗುವುದರಿಂದ ತಿಂಗಳಿಗೆ ಒಂದೇ ಸಲ ಎಂದು ಮನೆಯಲ್ಲಿ ತೀರ್ಮಾನ ಮಾಡಿಕೊಂಡಿದ್ದೇವೆ. ಬೆಂಗಳೂರಲ್ಲಿ ಕಲೆ ನೋಡುವುದಕ್ಕೆ ಹೆಚ್ಚು ಖರ್ಚಿಲ್ಲ. ಜನವರಿಯ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯುದ್ದಕ್ಕೂ ಪುಕ್ಕಟೆಯಾಗಿ ಸುತ್ತಬಹುದು, ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಕೈಗೆ ಮಸಿ ಹತ್ತಬೇಕೆಂದರೆ ಮಾತ್ರ ಇಷ್ಟು ಕೊಡಬೇಕು. ಕೊಟ್ಟದ್ದಕ್ಕೆ ಮೋಸವಿಲ್ಲ. ಹಿರಿಯರಿಗೆ ರಿಯಾಯಿತಿ ಇದ್ದಿದ್ದರೆ ಇನ್ನೊಂದಷ್ಟು ಅಜ್ಜ–ಅಜ್ಜಿಯರು ಬರುತ್ತಿದ್ದರು ಎಂಬುದು ನನ್ನ ಗಟ್ಟಿ ನಂಬಿಕೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೋಗುವವರು ಬೆಳಗಿನ ಬ್ಯಾಚ್ ಹಿಡಿಯಿರಿ, ಕಿಟಕಿಯ ಬಿಸಿಲು ಆಗಲೇ ಚೆನ್ನಾಗಿರುತ್ತದೆ. ಹಳೇ ಬಟ್ಟೆ ಹಾಕಿಕೊಳ್ಳಿ. ಲಿನೋಗೆ ಅವರು ಕೊಡುವುದು ಎಣ್ಣೆ ಮಸಿ, ಬರೀ ನೀರಿಗೆ ಬಿಡುವುದಿಲ್ಲ. ಕೈಗೆ ಮೊದಲು ಸ್ವಲ್ಪ ಅಡುಗೆ ಎಣ್ಣೆ ಸವರಿ ಹಳೇ ಬಟ್ಟೆಯಲ್ಲಿ ಒರೆಸಿಕೊಳ್ಳಿ, ಆಮೇಲೆ ಸೋಪು ಹಾಕಿ ತೊಳೆಯಿರಿ.